ಸೊನ್ನೆ ತಂತಿ

ಗೋಡೆ ಬೆಚ್ಚಗಾದದ್ದು ಬಿಸಿಲಿಗಿರಬಹುದು. ಆದರೆ ಅಡುಗೆಮನೆಯ ಈ ಗೋಡೆ ಉತ್ತರಕ್ಕಿದೆ. ಧಾರವಾಡದ ಚಳಿಗಾಲದಲ್ಲಿ ಇದಕ್ಕೆ ಬಿಸಿಲು ತಾಗುವುದೇ ಇಲ್ಲ. ಒಲೆಯ ಕಾವೇ? ಒಲೆ ಎದುರಿನ ಕಟ್ಟೆಯ ಮೇಲಿದೆ, ಆರಿ ಬಹಳ ಹೊತ್ತಾಗಿದೆ. ಹಾಗಾದರೆ ತಪ್ಪು ಅಂಗೈಯದ್ದಿರಬೇಕು. ತಣ್ಣಗಾದ ಕೈಗೆ ಏನು ತಾಗಿದರೂ ಬೆಚ್ಚಗೇ ಅನಿಸುತ್ತದೆ.

ಗುರುಪಾದ ಕೈ ಸರಿಸಿ ಪಕ್ಕದ ಗೋಡೆಯನ್ನು ಮುಟ್ಟಿದ. ತಣ್ಣಗಿತ್ತು. ಮತ್ತೆ ಮೊದಲಿನ ಗೋಡೆಗೆ ಬಂದ. ಬೆಚ್ಚಗಿತ್ತು. ದನದ ಮೈಯಂತೆ, ಒಳಗೆಲ್ಲೋ ಜೀವವಿದ್ದ ಹಾಗೆ.

ಈ ಗೋಡೆ ಬೆಚ್ಚಗಿರಬಾರದು. ಇದರೊಳಗೆ ಹೋಗಿರುವುದು ಎಂದೂ ಬಿಸಿಯಾಗದ ಸೊನ್ನೆ ತಂತಿ. ಇದು ಬೆಚ್ಚಗಿದ್ದರೆ... ಆ ಯೋಚನೆಯನ್ನು ಅವನು ಪೂರ್ತಿ ಮಾಡಲಿಲ್ಲ.

ನೀರು ಕುಡಿಯಲು ಬಂದವನು ಅವನು. ರವಿವಾರವಾದರೂ ಸಾಮಾನ್ಯವಾಗಿ ಈ ಹೊತ್ತಿಗೆ ಸಂಶೋಧನಾ ಕೇಂದ್ರದಲ್ಲಿರುತ್ತಿದ್ದ. ನೆಗಡಿಯೆಂದು ಇಂದು ಮನೆಯಲ್ಲಿ ಉಳಿದಿದ್ದ. ಗೋಡೆಗೆ ಒತ್ತಿ ಇಟ್ಟಿದ್ದ ಸ್ಟೀಲಿನ ಪಾತ್ರೆ ಕಣ್ಣಿಗೆ ಬಿದ್ದದ್ದರಿಂದಲೇ ಅವನು ಅಲ್ಲಿ ಕೈಯಿಟ್ಟದ್ದು. ಹಳೆಯ ಧೋತರದ ತುಂಡು ಹೊದ್ದ ಪಾತ್ರೆಯಲ್ಲಿ ದೋಸೆ ಹಿಟ್ಟು ಮುಚ್ಚಳವನ್ನು ಎತ್ತಿಕೊಂಡು ಉಬ್ಬಿತ್ತು. ಈ ಚಳಿಯಲ್ಲಿ ಹಿಟ್ಟು ಇಷ್ಟು ಬೇಗ ಹುಳಿ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಒಣಗಿದ ಬಟ್ಟೆ ಹೊತ್ತುಕೊಂಡು ಮಾಳಿಗೆಯಿಂದ ಇಳಿದ ಅವನ ಹೆಂಡತಿ ಮುಕ್ತಾ ಬಾಗಿಲಲ್ಲೇ ನಿಂತಳು. ಆಮೇಲೆ ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿ, ಬಂದು, ಪಾತ್ರೆಯನ್ನೆತ್ತಿ ಕಟ್ಟೆಯ ಮೇಲಿಟ್ಟಳು.

"ಹಿಟ್ಟು ಇಲ್ಲ್ಯಾಕ ಇಟ್ಟಿದ್ದಿ?"

"ಕಟ್ಟಿ ಮ್ಯಾಲೆ ಜಾಗ ಇರಲಿಲ್ಲರಿ."

ಒಲೆ ಬಿಟ್ಟರೆ ಕಟ್ಟೆ ಖಾಲಿಯಿತ್ತು.

ಯಾವ ತಂತಿಯೇ ಆಗಲಿ, ತನ್ನೊಳಗೆ ಹರಿಯುವ ವಿದ್ಯುತ್ತನ್ನು ಸ್ವಲ್ಪವಾದರೂ ತಡೆಯುತ್ತದೆ. ತಡೆದದ್ದು ಕಾವಾಗಿ ಹೋಗುತ್ತದೆ. ತಡೆಯೇ ಇಲ್ಲದ ತಂತಿಗಾಗಿ ಜಗತ್ತು ಬಹಳ ಕಾಲ ಹುಡುಕಿತ್ತು. ಸಿಕ್ಕ ಕೆಲವು ಪದಾರ್ಥಗಳು ಹಿಮಕ್ಕಿಂತ ನೂರಾರು ಡಿಗ್ರಿ ತಣ್ಣಗಿದ್ದರೆ ಮಾತ್ರ ಕೆಲಸ ಮಾಡುತ್ತಿದ್ದವು. ಮನೆಯ ಗೋಡೆಯೊಳಗೆ, ಬೇಸಿಗೆಯಲ್ಲೂ ಚಳಿಯಲ್ಲೂ, ಸುಮ್ಮನೆ ಮಲಗಿದ್ದು ಒಂದಿಷ್ಟೂ ತಡೆಯದ ತಂತಿಯನ್ನು ಮಾಡಿದವನು ವಿರೂಪಾಕ್ಷ. ತೆಳ್ಳಗಿನ ತಾಮ್ರದ ಕೊಳವೆ, ಅದರೊಳಗೆ ಬೂದು ಬಣ್ಣದ ಎಳೆ. ವಿರೂಪಾಕ್ಷ ಕೇಂದ್ರದ ನಿರ್ದೇಶಕ, ಹಾಸ್ಟೆಲಿನ ದಿನಗಳಿಂದ ಗುರುಪಾದನಿಗೆ ಅಣ್ಣನಂತಿದ್ದವನು, ಮುಕ್ತಾಳಿಗೆ ಒಡಹುಟ್ಟಿದ ಅಣ್ಣ.

ಮೊದಲು ತಂತಿ ಎಳೆದದ್ದು ಗುರುಪಾದ ಇರುವ ಹೊಸಗರಡಿ ಓಣಿಯಲ್ಲೇ. ಬಿಸಿಯಾಗದ ತಂತಿಗೆ ದಪ್ಪವಿರಬೇಕಾಗಿಲ್ಲ. ಹಾಗಾಗಿ ಗೋಡೆಯೊಳಗಿನ ಹಳೆಯ ಪ್ಲಾಸ್ಟಿಕ್ ಕೊಳವೆಗಳಲ್ಲೇ ತೂರಿಸಿದರು. ಬಿಸಿಯಾಗದ ತಂತಿಗೆ ಸಣ್ಣ ಫ್ಯೂಸ್ ಯಾಕೆಂದು ದೊಡ್ಡ ಫ್ಯೂಸ್ ಹಾಕಿದರು. ದಾರಿಯಲ್ಲಿ ಏನೂ ಸೋರಿಹೋಗುವುದಿಲ್ಲವೆಂದು ದರ ಇಳಿಸಿದರು. ಓಣಿಯ ಮನೆಗಳಿಂದ ಗ್ಯಾಸಿನ ಸಿಲಿಂಡರುಗಳು ಹೊರಟುಹೋದವು. ಖಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರು ಕರೆಂಟಿನ ಹಂಚು ತಂದರು, ಒಂದಿದ್ದಲ್ಲಿ ಮೂರು, ಮೂರಿದ್ದಲ್ಲಿ ನಾಲ್ಕು. ಮನೆಮನೆಗೂ ಹೀಟರ್ ಬಂತು. ಆ ಓಣಿಯೊಳಗೆ ಕಾಲಿಟ್ಟರೆ ಊರಿನ ಚಳಿ ಹಿಂದೆಯೇ ಉಳಿಯುತ್ತಿತ್ತು.

ಇಷ್ಟಕ್ಕೆಲ್ಲ ಆಧಾರವಾಗಿದ್ದುದು ಒಂದೇ ಒಂದು ಅಳತೆ. ಆ ಅಳತೆ ಮಾಡಿದವನು ಗುರುಪಾದ.

"ನೀ ಅಳಿ," ಎಂದಿದ್ದ ವಿರೂಪಾಕ್ಷ ಅಂದು. "ನಾ ಅಳದ್ರ, ತನ್ನ ಕೂಸನ್ನ ತಾನ ಹೊಗಳ್ತಾನ ಅಂತಾರ."

ಮೇಜಿನ ಮೇಲೆ ಕಪ್ಪು ರಾಳದ ಇಟ್ಟಿಗೆಯೊಂದಿತ್ತು. ಎಳೆ ಅದರೊಳಗಿತ್ತು. ಗಾಳಿಯ ತೇವ ತಾಗಿದರೆ ಎಳೆ ಕೆಡುತ್ತದೆ, ಅದಕ್ಕೇ ಈ ಹೊದಿಕೆ ಎಂದು ವಿರೂಪಾಕ್ಷ ಹೇಳಿದ್ದ. ಇಟ್ಟಿಗೆಯಿಂದ ನಾಲ್ಕು ತಂತಿಗಳು ಹೊರಬಂದಿದ್ದವು. ಎರಡರಿಂದ ಕರೆಂಟು ಹರಿಸಬೇಕು. ಉಳಿದೆರಡು ಎಳೆಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ತೋರಿಸುತ್ತವೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ತಡೆ ಎಷ್ಟೆಂದು ಸಿಗುತ್ತದೆ. ಶಾಲೆಯ ಮಕ್ಕಳೂ ಮಾಡುವ ಲೆಕ್ಕ.

ಅವನು ಹತ್ತು ಆಂಪಿಯರ್ ಹರಿಸಿದ. ವೋಲ್ಟ್‌ಮೀಟರಿನಲ್ಲಿ ಸೊನ್ನೆ. ಇಪ್ಪತ್ತಕ್ಕೇರಿಸಿದ. ಸೊನ್ನೆ. ಮೀಟರ್ ಬದಲಿಸಿದ, ಕರೆಂಟಿನ ದಿಕ್ಕು ತಿರುಗಿಸಿದ. ಸೊನ್ನೆಯೇ. ಸೊನ್ನೆಯನ್ನು ಎಷ್ಟರಿಂದ ಭಾಗಿಸಿದರೂ ಸೊನ್ನೆ. ಅವನು ಕುರ್ಚಿಯಲ್ಲಿ ಕುಳಿತುಬಿಟ್ಟ. ತಿರುಗಿ ನೋಡಿದರೆ ವಿರೂಪಾಕ್ಷನ ಕಣ್ಣಲ್ಲಿ ನೀರಿತ್ತು. ಅದು ಸಂತೋಷದ ನೀರೆಂದು ಗುರುಪಾದ ತಿಳಿದ. ತಬ್ಬಿಕೊಂಡ.

ಆಮೇಲೆ ಯಾರೂ ಅಳೆಯಲಿಲ್ಲ. ಸೊನ್ನೆಯನ್ನು ಯಾರು ಮತ್ತೆ ಅಳೆಯುತ್ತಾರೆ? ನಾಳೆ ಅವನ ಸಹಿ ಬಿದ್ದರೆ ಊರಿಗೆಲ್ಲ ಅದೇ ತಂತಿ ಎಳೆಯುವುದೆಂದು ನಿಶ್ಚಯವಾಗಿತ್ತು.

"ಮುಕ್ತಾ, ಒಂದೀಟು ಕೆಲಸ ಐತಿ ಬಾ. ಮನ್ಯಾಗಿನ ಗೀಜರ್, ಒಲಿ, ಹೀಟರ್, ಎಲ್ಲಾ ಹಚ್ಚು."

"ಯಾಕ್ರಿ? ಏನಾತು?"

"ಏನಾಗಿಲ್ಲ. ಈ ಮೀಟರ್ ಹಿಡಕೊಂಡು ಇಲ್ಲಿ ನಿಂದ್ರು. ಕೇಳಿದಾಗ ಎಷ್ಟೈತಿ ಹೇಳು."

ಅಡುಗೆಮನೆಯ ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ಅವಳ ಕೈಗೆ ಕೊಟ್ಟು, ಇನ್ನೊಂದನ್ನು ತೆಗೆದುಕೊಂಡು ಅವನು ಗೇಟಿನ ಹತ್ತಿರದ ಪೆಟ್ಟಿಗೆಗೆ ಹೋದ. ತಂತಿ ಮನೆಯೊಳಗೆ ಹೊಗುವುದು ಅಲ್ಲಿಂದ. ಅದರಲ್ಲಿ ತಡೆ ಇಲ್ಲವೆಂದರೆ ಇಲ್ಲಿಯ ವೋಲ್ಟೇಜೂ ಅಡುಗೆಮನೆಯ ವೋಲ್ಟೇಜೂ ಒಂದೇ ಇರಬೇಕು. ಇಲ್ಲಿ ಇನ್ನೂರ ಮೂವತ್ತೊಂದು ಇತ್ತು. ಇಕ್ಕಳದಂಥ ಮೀಟರಿನಲ್ಲಿ ತಂತಿಯನ್ನು ಹಿಡಿದ. ಮೂವತ್ತೈದು ಆಂಪಿಯರ್ ಹರಿಯುತ್ತಿತ್ತು.

"ಎಷ್ಟೈತಿ?" ಎಂದು ಕಿಟಕಿಯತ್ತ ಕೂಗಿದ.

ಉತ್ತರ ಬರಲು ತಡವಾಯಿತು. "ಇನ್ನೂರಾ ಇಪ್ಪತ್ನಾಲ್ಕು."

"ಸರಿಯಾಗಿ ನೋಡು."

"ನೋಡೇನ್ರಿ. ಇಪ್ಪತ್ನಾಲ್ಕ ಐತಿ."

ಎದುರು ಮನೆಯ ಶಾವಂತ್ರವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ರೊಟ್ಟಿ ಬಡಿಯುವವಳು ಅವಳೇ. "ಏನ್ರಿ ಸೊನ್ನಿ ಸಾಹೇಬ್ರ, ರವಿವಾರಾನೂ ಬಿಡಂಗಿಲ್ಲೇನು? ಹೇಣತಿನ್ನೂ ಲೈನ್‌ಮನ್ ಮಾಡಿಬಿಟ್ರಲ್ರಿ!"

ಅವನು ನಗಲಿಲ್ಲ. ಲೆಕ್ಕ ತಲೆಯಲ್ಲಿ ತಾನಾಗಿ ನಡೆದಿತ್ತು. ಏಳು ವೋಲ್ಟ್ ದಾರಿಯಲ್ಲಿ ಕಳೆದುಹೋಗಿದೆ. ಏಳನ್ನು ಮೂವತ್ತೈದರಿಂದ ಭಾಗಿಸಿದರೆ ತಡೆ ಒಂದು ಓಮಿನ ಐದರಲ್ಲೊಂದು ಭಾಗ. ಸೊನ್ನೆಯಲ್ಲ. ಅದೇ ಏಳನ್ನು ಮೂವತ್ತೈದರಿಂದ ಗುಣಿಸಿದರೆ ಇನ್ನೂರ ನಲವತ್ತೈದು ವ್ಯಾಟ್. ಹಳೆಯ ಕಾಲದ ನೂರು ವ್ಯಾಟಿನ ಬಲ್ಬುಗಳು ಎರಡೂವರೆ, ಗೋಡೆಯ ಗಿಲಾವಿನ ಹಿಂದೆ, ಗಾಳಿಯಿಲ್ಲದ ಕೊಳವೆಯಲ್ಲಿ ಉರಿಯುತ್ತಿವೆ. ಕರೆಂಟು ಎರಡರಷ್ಟಾದರೆ ಕಾವು ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ದೊಡ್ಡ ಫ್ಯೂಸ್ ಅದನ್ನು ತಡೆಯುವುದೂ ಇಲ್ಲ. ಬೂದು ಎಳೆ ಏನೂ ಮಾಡುತ್ತಿಲ್ಲ. ಕರೆಂಟನ್ನೆಲ್ಲ ಹೊರುತ್ತಿರುವುದು ಮೇಲಿನ ತೆಳು ತಾಮ್ರ.

"ಅವ್ವಾ," ಎಂದ ಅವನು, "ನಿಮ್ಮ ಮನ್ಯಾಗ ಗ್ವಾಡಿ ಬಿಸಿ ಆಗತೈತೇನು?"

"ಅಗದೀ ಛಲೋ ಆಗತೈತ್ರಿ! ನಿಮ್ಮ ತಂತಿ ಬಂದಿಂದ ಚಳಿ ಅನ್ನೂದ ಮರತೀವಿ. ಮಗಳು ಸುನಂದಾನ ಬಾಣಂತನಕ್ಕ ಈ ಸಲ ಕೆಂಡದ ಕಾಟಾನ ಇಲ್ಲ. ಹೊರಸಿನ ಕೆಳಗ ಅಗ್ಗಿಷ್ಟಿಗಿ ಇಡೂದು ಬ್ಯಾಡ, ಹೊಗಿ ಬ್ಯಾಡ. ಹೊರಸು ಗ್ವಾಡಿಗೆ ಹಚ್ಚಿ ಮಲಗಿಸಿಬಿಟ್ಟೇನಿ. ತಾಯಿ ಕೂಸು ಹೆಂಗ ನಿದ್ದಿ ಮಾಡ್ತಾವ ಅಂತೀರಿ!"

ಗುರುಪಾದ ಮೀಟರನ್ನು ಪೆಟ್ಟಿಗೆಯ ಮೇಲೆಯೇ ಬಿಟ್ಟು ರಸ್ತೆ ದಾಟಿದ.

ಬಾಣಂತಿಯ ಕೋಣೆಗೆ ಕಿಟಕಿ ಮುಚ್ಚಿ ಕಂಬಳಿ ಇಳಿಬಿಟ್ಟಿದ್ದರು. ಲೋಬಾನದ ಹೊಗೆಯ ವಾಸನೆ ತುಂಬಿತ್ತು. ಆ ವಾಸನೆಯ ಅಡಿಯಲ್ಲಿ ಇನ್ನೊಂದಿತ್ತು, ಬಿಸಿಲಿಗೆ ಕಾದ ರಬ್ಬರಿನಂಥದ್ದು. ತಲೆಗೆ ಅರಿವೆ ಕಟ್ಟಿಕೊಂಡ ಸುನಂದಾ ಅವನನ್ನು ಕಂಡು ಗಾಬರಿಯಾಗಿ ಎದ್ದು ಕುಳಿತಳು. ಕೂಸು ಗೋಡೆಯ ಕಡೆಗಿತ್ತು. ಹೊರಸಿನ ಮೇಲೆ, ಗೋಡೆಯ ಸುಣ್ಣದಲ್ಲಿ, ಚಹದ ಬಣ್ಣದ ಗೆರೆಯೊಂದು ನೆಟ್ಟಗೆ ಮೇಲೆ ಹೋಗಿತ್ತು. ಅವನು ಅದರ ಮೇಲೆ ಅಂಗೈ ಇಟ್ಟ. ಇಟ್ಟುಕೊಳ್ಳಲಾಗಲಿಲ್ಲ.

"ಕೂಸಿನ್ನ ಎತ್ತಿಕೋ ತಂಗೀ. ಹೊರಗ ನಡಿ."

"ಏನ್ರಿ ಇದು, ಹಸಿ ಬಾಣಂತಿನ್ನ ಹೊರಗ ನಡಿ ಅಂತೀರಿ?" ಶಾವಂತ್ರವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳ ಹಿಂದೆ ನಾಲ್ಕೂ ಹಂಚುಗಳು ಕಾಯುತ್ತಿದ್ದವು.

"ಹಂಚು ಆರಸ್ರಿ. ಎಲ್ಲಾ ಆರಸ್ರಿ."

"ನಾಳಿ ಲಗ್ನದ ರೊಟ್ಟಿ ಅದಾವ್ರಿ! ನಿಮ್ಮದೇನು, ಕುಂತು ಅಳಿಯೂ ಕೆಲಸ. ನಮ್ಮದು ಬಡಿಯೂ ಕೆಲಸ."

ಅವನು ವಾದಕ್ಕೆ ನಿಲ್ಲಲಿಲ್ಲ. ಹೊರಗೆ ಬಂದು ಅವಳ ಪೆಟ್ಟಿಗೆಯ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಒಳಗಿನಿಂದ ಬೈಗುಳ ಕೇಳಿಸಿತು. ಆಮೇಲೆ ಓಣಿಯ ತುದಿಗೆ ನಡೆದು ಕಂಬದ ದೊಡ್ಡ ಸ್ವಿಚ್ಚನ್ನೇ ಇಳಿಸಿದ. ಮನೆಗಳೊಳಗಿನ ಸದ್ದೆಲ್ಲ ಒಮ್ಮೆಲೇ ನಿಂತಿತು. ಜನ ಹೊರಬಂದರು. ಯಾರೋ ಹೆಸರು ಹಿಡಿದು ಕೂಗಿದರು. ತನ್ನ ಬಾಗಿಲಲ್ಲಿ ನಿಂತಿದ್ದ ಮುಕ್ತಾಳ ಕೈಯಲ್ಲಿ ಮೀಟರ್ ಹಾಗೆಯೇ ಇತ್ತು. ಅವಳು ಏನೂ ಕೇಳಲಿಲ್ಲ. ಅವಳು ಕೇಳದಿದ್ದುದು ಅವನಿಗೆ ಆಗ ವಿಶೇಷವೆನಿಸಲಿಲ್ಲ. ಸ್ವಿಚ್ಚನ್ನು ಯಾರೂ ಏರಿಸಬಾರದೆಂದು ಎಲ್ಲರಿಗೂ ಹೇಳಿ, ಸ್ಕೂಟರ್ ತೆಗೆದ.

ಕೇಂದ್ರದ ಪ್ರಯೋಗಶಾಲೆಯಲ್ಲಿ ಯಾರೂ ಇರಲಿಲ್ಲ. ಕಪ್ಪು ಇಟ್ಟಿಗೆ ಗಾಜಿನ ಕಪಾಟಿನಲ್ಲಿತ್ತು. ಆಯುಧಪೂಜೆಯಲ್ಲಿ ಯಾರೋ ಹಚ್ಚಿದ ವಿಭೂತಿಯ ಮೂರು ಗೆರೆ ಅದರ ಮೇಲೆ ಇನ್ನೂ ಉಳಿದಿದ್ದವು. ಅವನು ಅದನ್ನು ಇಕ್ಕಳದಲ್ಲಿ ಬಿಗಿದು ಗರಗಸ ಹಿಡಿದ. ಕೊಯ್ಯುವಾಗಲೂ ಒಂದು ಆಸೆಯಿತ್ತು. ಒಳಗೆ ಎಲ್ಲವೂ ಸರಿಯಾಗಿರಬಹುದು. ಎಳೆ ಆ ದಿನ ಒಳ್ಳೆಯದೇ ಇದ್ದು, ಆಮೇಲೆ ದೊಡ್ಡದಾಗಿ ಮಾಡುವಾಗ ಕೆಟ್ಟಿರಬಹುದು. ಹಾಗಾಗಿದ್ದರೆ ಅದು ಬರೀ ಸೋಲು. ಸೋಲನ್ನು ಇಬ್ಬರೂ ಕೂಡಿ ಹೊರಬಹುದಿತ್ತು.

ರಾಳ ಎರಡು ಹೋಳಾಯಿತು. ಕರೆಂಟು ಹರಿಸುವ ಎರಡು ತಂತಿಗಳು ಎಳೆಯ ಎರಡು ತುದಿಗಳಿಗೆ ಹೋಗಿದ್ದವು, ಹೋಗಬೇಕಾದಂತೆಯೇ. ವೋಲ್ಟೇಜ್ ನೋಡುವ ಎರಡು ತಂತಿಗಳು ಮಾತ್ರ ಎರಡು ತುದಿಗಳಿಗೆ ಹೋಗಿರಲಿಲ್ಲ. ಎರಡೂ ಒಂದೇ ತುದಿಗೆ ಬಂದು, ಒಂದನ್ನೊಂದು ಸುತ್ತಿಕೊಂಡು, ಒಂದೇ ಬಿಂದುವಿನಲ್ಲಿ ಬೆಸುಗೆಯಾಗಿದ್ದವು. ಒಂದೇ ಬಿಂದುವಿನ ಎರಡು ತಂತಿಗಳ ನಡುವೆ ವೋಲ್ಟೇಜ್ ಎಲ್ಲಿಂದ ಬರಬೇಕು? ಎಳೆಯ ಜಾಗದಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತಿತ್ತು.

ಬೆಸುಗೆ ಗುಂಡಗೆ, ಹೊಳಪಾಗಿ, ಒಂದು ಹನಿಯೂ ಹೆಚ್ಚಿಲ್ಲದಂತೆ ಕೂತಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಒಡೆದ ರೇಡಿಯೋ ಒಂದನ್ನು ಮುಂದಿಟ್ಟುಕೊಂಡು ಅಂಥ ಬೆಸುಗೆಯನ್ನು ಗುರುಪಾದನಿಗೆ ಕಲಿಸಿದವನು ವಿರೂಪಾಕ್ಷನೇ.

ಹೊರಗೆ ಕಾರು ನಿಂತಿತು. ವಿರೂಪಾಕ್ಷ ಒಳಗೆ ಬಂದು ಹೋಳುಗಳನ್ನು ನೋಡಿದ. ಸ್ಟೂಲ್ ಎಳೆದುಕೊಂಡು ಎದುರಿಗೆ ಕುಳಿತ.

"ಕೊಯ್ದಽ ಬಿಟ್ಟಿ."

"ಎರಡೂ ಒಂದಽ ಕಡೆ ಕೂಡಿಸೀದಿ, ವಿರೂಪಣ್ಣ."

"ಹೂಂ."

"ನೂರು ಸಲ ಅಳದ್ರೂ ಸೊನ್ನಿನ ಬರತಿತ್ತು."

"ಬರಬೇಕಾಗಿತ್ತಲ್ಲೋ. ಅವತ್ತು ಸೊನ್ನಿ ಬರದಿದ್ರ ಈ ಕೇಂದ್ರಕ್ಕ ಬೀಗ ಬೀಳತಿತ್ತು." ವಿರೂಪಾಕ್ಷ ಮುಖ ಉಜ್ಜಿಕೊಂಡ. "ಒಂದು ಸಲ ನಿಜವಾಗಲೂ ಬಂದಿತ್ತು, ಗುರು. ಅಕ್ಕಿಕಾಳಿನಷ್ಟು ಸಣ್ಣ ತುಣಕು. ನಾ ಒಬ್ಬನ ಇದ್ದೆ. ಮತ್ತ ಎಷ್ಟು ಮಾಡಿದ್ರೂ ಬರಲಿಲ್ಲ. ಬರತೈತಿ ಅಂತ ಗೊತ್ತಿತ್ತು. ಟೈಮ್ ಬೇಕಾಗಿತ್ತು, ಅಷ್ಟ."

"ನನ್ನ ಕೈಲೆ ಯಾಕ ಅಳಸಿದಿ?"

"ನಿನ್ನ ಮಾತು ಎಲ್ಲಾರೂ ನಂಬತಾರ. ಮ್ಯಾಲಿನವರು ನಂಬತಾರ, ಹೊರದೇಶದವರು ನಂಬತಾರ. ನಾನೂ ನಂಬತೀನಿ. ನನ್ನ ಮಾತು ನಾನ ನಂಬಂಗಿಲ್ಲ ನೋಡು." ಅವನು ನಕ್ಕಂತೆ ಮಾಡಿದ.

ಗುರುಪಾದನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಹಳ ದಿನದಿಂದ ತಾನು ವಾಸವಾಗಿದ್ದ ಮನೆ ತನ್ನದಲ್ಲವೆಂದು ಯಾರೋ ಬಂದು ಮೆಲ್ಲಗೆ ಹೇಳಿದಂತಿತ್ತು. ಅವನು ತನ್ನ ನಿಷ್ಠುರತನವನ್ನು ತನ್ನ ಗುಣವೆಂದುಕೊಂಡಿದ್ದ. ಇನ್ನೊಬ್ಬರ ಕಪಾಟಿನಲ್ಲಿ ಅದು ಬೇಕಾದಾಗ ತೆಗೆಯುವ ಒಂದು ಸಲಕರಣೆಯಾಗಿತ್ತು.

"ಎದುರು ಮನ್ಯಾಗ ಹಸಿಗೂಸು ಮಲಗಿತ್ತು. ಗ್ವಾಡಿ ಮ್ಯಾಲೆ ಕೈ ಇಡಾಕ ಆಗಲಿಲ್ಲ ನನಗ."

"ಅಷ್ಟು ಆಗತೈತಿ ಅಂತ ನನಗ ಹೆಂಗ ಗೊತ್ತಾಗಬೇಕು? ಬರೇ ಬೆಚ್ಚಗ ಆಗತೈತಿ ಅಂದಿದ್ಲು."

"ಯಾರು?"

ವಿರೂಪಾಕ್ಷ ಗರಗಸದ ಅಂಚಿಗೆ ಹತ್ತಿದ್ದ ಕಪ್ಪು ಪುಡಿಯನ್ನು ಬೆರಳಿಂದ ಒರೆಸಿದ.

"ಯಾರು ಅಂದಿದ್ಲು?"

"ಮುಕ್ತಾ. ದೀಪಾವಳಿಗೆ ಮನಿಗೆ ಬಂದಾಗ. ಅಡಗಿಮನಿ ಗ್ವಾಡಿ ಬೆಚ್ಚಗ ಇರತೈತಿ, ಹಿಟ್ಟು ಲಗೂನ ಉಬ್ಬತೈತಿ ಅಂತ ಅವ್ವನ ಮುಂದ ಹೇಳಾಕತ್ತಿದ್ಲು. ನಾನ ಅಂದೆ, ಗುರುಗ ಹೇಳಬ್ಯಾಡ, ಅವಗ ತಲಿಯೊಳಗ ಹುಳ ಬಿಟ್ಟಂಗ ಆಗತೈತಿ ಅಂತ. ಅಕಿ ಪಾಪ, ಏನು ತಿಳೀತೈತಿ ಅಕಿಗೆ. ಅಣ್ಣಗ ತೊಂದರಿ ಆಗತೈತೇನು ಅಂತ ಇಷ್ಟ ಕೇಳಿದ್ಲು. ಆಗಬಹುದು ಅಂದೆ. ಆತು, ಹೇಳಂಗಿಲ್ಲ ಅಂದ್ಲು." ಆಮೇಲೆ ಸೇರಿಸಿದ: "ಈಗೂ ಅಕೀನ ಫೋನ್ ಮಾಡಿದ್ಲು. ಅದಕ್ಕ ಬಂದೆ."

ಗುರುಪಾದ ಎರಡು ಹೋಳುಗಳನ್ನೂ ಮತ್ತೆ ಕೂಡಿಸಿ ಹಿಡಿದ. ಸರಿಯಾಗಿ ಕೂಡಿದವು. ಬಿಟ್ಟ.

"ಕೇಳು," ಎಂದ ವಿರೂಪಾಕ್ಷ, ಮುಂದೆ ಬಾಗಿ. "ಓಣಿ ತಂತಿ ತಗಸೂಣು. ರಿಪೇರಿ ಅನ್ನೂಣು. ನಾಳಿ ನೀ ಸಹಿ ಮಾಡಬ್ಯಾಡ, ಆರಾಮ ಇಲ್ಲ ಅನ್ನು. ಕಾರಣ ಯಾಕ ಹೇಳಬೇಕು? ನಮ್ಮ ಮನಿ ಮಾತು ಮನ್ಯಾಗ ಇರಲಿ."

ಗುರುಪಾದ ಅವನ ಎದುರಿಗೇ ಫೋನ್ ತೆಗೆದು ವಿದ್ಯುತ್ ಇಲಾಖೆಯ ಮುಖ್ಯ ಇಂಜಿನಿಯರರಿಗೆ ಕರೆ ಮಾಡಿದ. ಹೊಸಗರಡಿ ಓಣಿಯ ತಂತಿಯಲ್ಲಿ ತಡೆ ಇದೆ, ಮೊದಲಿನ ಅಳತೆ ಸುಳ್ಳಿತ್ತು, ಪುರಾವೆ ನನ್ನ ಮುಂದಿದೆ ಎಂದ. ಅವನು ಮಾತಾಡುತ್ತಿದ್ದಷ್ಟು ಹೊತ್ತೂ ವಿರೂಪಾಕ್ಷ ಎದ್ದು ಹೋಗಲಿಲ್ಲ. ಫೋನ್ ಇಟ್ಟ ಮೇಲೆ, "ಸುಳ್ಳು ಅನ್ನಬಾರದಿತ್ತು. ತಪ್ಪು ಅಂದಿದ್ರ ಸಾಕಿತ್ತು," ಎಂದು ಎದ್ದ.

ವಿಚಾರಣೆಯಲ್ಲಿ ಗುರುಪಾದ ಹೋಳುಗಳನ್ನು ಮೇಜಿನ ಮೇಲಿಟ್ಟು, ಕರಿಹಲಗೆಯ ಮೇಲೆ ನಾಲ್ಕು ತಂತಿಗಳ ಚಿತ್ರ ಬರೆದು ವಿವರಿಸಿದ. ವೋಲ್ಟೇಜು, ಕರೆಂಟು, ಭಾಗಾಕಾರ. ವಯಸ್ಸಾದ ಅಧಿಕಾರಿಯೊಬ್ಬರು ಕನ್ನಡಕ ತೆಗೆದು ಕೇಳಿದರು.

"ಅಳಿಯೂ ಮೊದಲು ನೀವು ಇದನ್ನ ತೆರೆದು ನೋಡಲಿಲ್ಲೇನು?"

"ಇಲ್ಲ."

"ಯಾಕ?"

"ಕೊಟ್ಟವರು ನಮ್ಮವರಿದ್ರು."

ಆ ಮಾತನ್ನು ವರದಿಗೆ ಸೇರಿಸಿಕೊಳ್ಳಲಿಲ್ಲ.

ಓಣಿಯ ಗೋಡೆಗಳನ್ನು ಒಡೆದು ತಂತಿ ಎಳೆದು ತೆಗೆದರು. ಶಾವಂತ್ರವ್ವನ ಬಾಣಂತಿ ಕೋಣೆಯಲ್ಲಿ ತಂತಿ ಬಿಡಿಯಾಗಿ ಬರಲಿಲ್ಲ, ಕರಗಿ ಗಟ್ಟಿಯಾದ ಕೊಳವೆಯ ಸಮೇತ ಕಪ್ಪಾಗಿ ಬಂತು. ಅವಳು ಅದನ್ನು ನೋಡಿದಳು, ಒಡೆದ ಗಿಲಾವು ಗುಡಿಸಲಿಲ್ಲವೆಂದು ಗೌಂಡಿಗಳನ್ನು ಬೈದಳು. ದರ ಮೊದಲಿನದಾಯಿತು. ಹಂಚುಗಳು ಅಟ್ಟ ಸೇರಿ ಗ್ಯಾಸಿನ ಗಾಡಿ ಮತ್ತೆ ಓಣಿಗೆ ಬರತೊಡಗಿತು. ಜನ ಈಗಲೂ ಅವನನ್ನು ಸೊನ್ನಿ ಸಾಹೇಬ್ರೆಂದೇ ಕರೆಯುತ್ತಿದ್ದರು, ಆದರೆ ಅವನು ಮುಂದೆ ಹೋದ ಮೇಲೆ. ವಿರೂಪಾಕ್ಷ ಕೆಲಸ ಕಳೆದುಕೊಂಡು ಊರು ಬಿಟ್ಟ. ಮುಕ್ತಾಳ ತವರಿನಲ್ಲಿ ಗುರುಪಾದನ ಹೆಸರೆತ್ತುವುದನ್ನು ಬಿಟ್ಟರು.

ಅಣ್ಣ ಹೊರಟ ದಿನ ಅವನನ್ನು ಕಳಿಸಿ ಬಂದ ಮುಕ್ತಾ ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದಳು. ಗುರುಪಾದ ಬಂದು ಪಕ್ಕದಲ್ಲಿ ಕುಳಿತ.

"ಫೋನ್ ಮಾಡೂ ಮೊದಲ ಅಣ್ಣನ್ನ ಒಂದು ಮಾತು ಕೇಳಬೇಕಾಗಿತ್ರಿ ನೀವು," ಎಂದಳು.

"ಕೇಳಿದ್ದೆ."

"ಏನಂದ?"

"ಟೈಮ್ ಬೇಕಾಗಿತ್ತು ಅಂದ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮತ್ತೇನರ ಅಂದನೇನು? ನನ್ನ ವಿಚಾರ?"

ಅವಳು ಅವನ ಮುಖವನ್ನು ನೋಡುತ್ತಿರಲಿಲ್ಲ. ನೋಡಿದ್ದರೆ ಅವನಿಗೆ ಉತ್ತರ ಕಷ್ಟವಾಗುತ್ತಿತ್ತು. ಒಡಹುಟ್ಟಿದವನಿಗೂ ಗಂಡನಿಗೂ ನಡುವೆ ನಿಂತು ಒಂದು ಕಡೆ ಸರಿದವಳು ಅವಳು. ಸರಿದದ್ದು ಯಾವ ಕಡೆಗೆಂದು ಇಬ್ಬರಿಗೂ ಗೊತ್ತಿತ್ತು, ಆದರೆ ಅವನಿಗೂ ಗೊತ್ತೆಂಬುದು ಅವಳಿಗೆ ತಿಳಿದಿರಲಿಲ್ಲ. ಒಂದು ಮಾತು ಆಡಿದರೆ ಅವಳು ಅತ್ತು ಹಗುರಾಗಬಹುದಿತ್ತು. ತಾನೂ ಹಗುರಾಗಬಹುದಿತ್ತು. ಆದರೆ ಅದಾದ ಮೇಲೆ ಅವಳು ಈ ಮನೆಯಲ್ಲಿ ಹೇಗೆ ಓಡಾಡುತ್ತಾಳೆ, ತಾನು ಅವಳ ಯಾವ ಮಾತನ್ನು ಅಳೆಯದೆ ಬಿಡುತ್ತೇನೆ ಎಂಬುದು ಅವನಿಗೆ ತಿಳಿಯಲಿಲ್ಲ.

"ಇಲ್ಲ," ಎಂದ. "ಏನೂ ಅನ್ನಲಿಲ್ಲ."

ಅವಳು ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಎದ್ದು ಒಳಗೆ ಹೋಗಿ ದೀಪ ಹಚ್ಚಿದಳು.

ಆಮೇಲೆ ಅವರು ಬಹಳ ವರ್ಷ ಕೂಡಿ ಬಾಳಿದರು. ಗೋಡೆಯ ಸಂಗತಿ ನಿನಗೆ ಮೊದಲೇ ಗೊತ್ತಿತ್ತು ಎಂದು ಗುರುಪಾದ ಅವಳಿಗೆ ಎಂದೂ ಹೇಳಲಿಲ್ಲ.